ಓಮ್ ನೋಡಿ ಪಿಕಪ್ ಕೊಳ್ಳಬೇಡಿ: ರಸಮಂಜರಿ ಗಿಟಾರಿಗೆ ಮೂರು ಬ್ರಿಜ್ ಹಂಬಕರ್‌ಗಳು

ಗಣೇಶನ ಹಬ್ಬ ಹತ್ತಿರ ಬಂತೆಂದರೆ ತುಮಕೂರಿನ ರಸಮಂಜರಿ ತಂಡಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಬ್ರಿಜ್ ಪಿಕಪ್ ಬದಲಾಯಿಸಿದರೆ ಸೌಂಡ್ ದಪ್ಪ ಆಗುತ್ತಾ? ಪಿಕಪ್ ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಮ್ಯಾಗ್ನೆಟ್ ಮತ್ತು ತಾಮ್ರದ ಕಾಯಿಲ್; ತಂತಿ ಕೂರುವ ಬ್ರಿಜ್ ಪಕ್ಕದ್ದು ಬ್ರಿಜ್ ಪಿಕಪ್, ಗುಂಯ್ ಸದ್ದು ತಗ್ಗಿಸಲು ಎರಡು ಕಾಯಿಲ್ ಇರುವುದು ಹಂಬಕರ್. ಸೌಂಡ್ ದಪ್ಪ ಆಗುತ್ತದೆ. ಆದರೆ ಕೀಬೋರ್ಡ್, ರಿದಮ್ ಪ್ಯಾಡ್, ಬೇಸ್ ಎಲ್ಲವೂ ಒಟ್ಟಿಗೆ ಮೊಳಗುವ ವೇದಿಕೆಯಲ್ಲಿ ದಪ್ಪ ಸೌಂಡೇ ಮೊದಲು ಮುಳುಗುವುದು. ಹೆಚ್ಚು ಕೇಳಿಬರುವ ಮೂರು ಹೆಸರುಗಳನ್ನು ಈ ಲೆಕ್ಕದಲ್ಲೇ ಹೋಲಿಸೋಣ: ಸೆಮೋರ್ ಡಂಕನ್ 59, ಅದೇ ಕಂಪನಿಯ ಜೆಬಿ, ಮತ್ತು ಡಿಮಾರ್ಜಿಯೊ ಸೂಪರ್ ಡಿಸ್ಟಾರ್ಷನ್.

ಮೊದಲು ಓಮ್ ವಿಚಾರ, ಅಂದರೆ ಪಿಕಪ್‌ನ ರೋಧದ ಅಳತೆ. 59ರ ಬ್ರಿಜ್ ಮಾಡೆಲ್ ಸುಮಾರು 8.1 ಕಿಲೋ ಓಮ್, ಜೆಬಿ 16.4, ಸೂಪರ್ ಡಿಸ್ಟಾರ್ಷನ್ 13.7. ಹಾಗಾದರೆ ಜೆಬಿಯೇ ಎಲ್ಲಕ್ಕಿಂತ ಜೋರು ಅಂದುಕೊಂಡರೆ ತಪ್ಪಾಯಿತು. ಈ ಅಂಕಿ ತಾಮ್ರದ ತಂತಿಯ ರೋಧ ಅಷ್ಟೇ. ತಂತಿ ಸಪೂರವಾದಷ್ಟೂ ಓಮ್ ಏರುತ್ತದೆ. ಮ್ಯಾಗ್ನೆಟ್ ಯಾವುದು ಎಂಬುದು ಅದರಲ್ಲಿ ಕಾಣುವುದೇ ಇಲ್ಲ. ಬಿಸಿಲೂ ಲೆಕ್ಕ ಕೆಡಿಸುತ್ತದೆ. ಒಂದು ಡಿಗ್ರಿಗೆ ತಾಮ್ರದ ರೋಧ ಸುಮಾರು 0.39 ಶೇಕಡಾ ಹೆಚ್ಚುವುದರಿಂದ, 20 ಡಿಗ್ರಿಯಲ್ಲಿ 8.1 ಇದ್ದದ್ದು ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿಯಲ್ಲಿ 8.5 ದಾಟುತ್ತದೆ. ಇನ್ನು ಜ್ಯಾಕ್‌ಗೆ ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಇಟ್ಟು ಅಳೆದರೆ 500 ಕಿಲೋ ಓಮ್ ಪಾಟ್ (ವಾಲ್ಯೂಮ್ ನಾಬ್ ಅಡಿಯ ರೋಧಕ) ಪಕ್ಕದಲ್ಲಿ ಕೂತಿರುತ್ತದಲ್ಲ, 16.4ರ ಜೆಬಿ 15.9 ತೋರಿಸುತ್ತದೆ. ಡೂಪ್ಲಿಕೇಟ್ ಮಾಲು ಎಂದು ಅಂಗಡಿಯವರ ಹತ್ತಿರ ಜಗಳಕ್ಕೆ ಹೋಗುವ ಮುಂಚೆ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಿರಿ.

59ರಲ್ಲಿರುವುದು ಅಲ್ನಿಕೊ 5 ಎಂಬ ಮಿಶ್ರಲೋಹದ ಮ್ಯಾಗ್ನೆಟ್. 1950ರ ದಶಕದ ಕೊನೆಯ ಗಿಬ್ಸನ್ ಹಂಬಕರ್‌ನ ಜಾಡು. ಕಾರ್ಡ್ ಹೊಡೆದಾಗ ಆರೂ ತಂತಿ ಬಿಡಿಬಿಡಿಯಾಗಿ ಕೇಳುತ್ತವೆ. ಹಳೆಯ ಸಿನಿಮಾ ಹಾಡಿನ ಸ್ಟ್ರಮ್ಮಿಂಗ್‌ಗೆ ಇದಕ್ಕಿಂತ ಒಳ್ಳೆಯದು ಈ ಮೂರರಲ್ಲಿಲ್ಲ. ಕೀಬೋರ್ಡಿನ ಎಡಗೈಗೆ ಅಡ್ಡ ಬರುವುದಿಲ್ಲ. ಭಾರೀ ಡಿಸ್ಟಾರ್ಷನ್ ಹಾಕಿದರೆ ಮಾತ್ರ ಕೆಳಗಿನ ತಂತಿಗಳು ಸಡಿಲವಾಗುತ್ತವೆ, ಸೋಲೋ ಸ್ವಲ್ಪ ತೆಳ್ಳಗೆನಿಸುತ್ತದೆ.

ಜೆಬಿಯದೂ ಅಲ್ನಿಕೊ 5, ಆದರೆ ಮೇಲಿನ ಮಿಡ್ (ನಡು ಸ್ವರಶ್ರೇಣಿಯ ಮೇಲ್ಭಾಗ) ಎದೆಯುಬ್ಬಿಸಿಕೊಂಡು ಬರುತ್ತದೆ. ಹೀರೋ ಎಂಟ್ರಿ ಹಾಡಿನ ಲೀಡ್ ಎಷ್ಟೇ ಗದ್ದಲದಲ್ಲೂ ಎದ್ದು ನಿಲ್ಲುತ್ತದೆ. ಮೊದಲೇ ಕೀರಲು ಸ್ವಭಾವದ ಗಿಟಾರಿಗೆ ಹಾಕಿದರೆ ಕಿವಿಗೆ ಚುಚ್ಚುತ್ತದೆ. ಆಗ ಪಿಕಪ್ ಬೈಯುವ ಬದಲು ವಾಲ್ಯೂಮ್ ಪಾಟ್ 500ರಿಂದ 250ಕ್ಕೆ ಇಳಿಸಿ. ಕಾಯಿಲ್ ಸ್ಪ್ಲಿಟ್ (ಎರಡರಲ್ಲಿ ಒಂದೇ ಕಾಯಿಲ್ ಬಳಸುವುದು) ಬೇಕೆನ್ನುವವರಿಗೂ ಜೆಬಿಯೇ ಅನುಕೂಲ. ಅರ್ಧ ಮಾಡಿದರೂ ಒಂದು ಕಾಯಿಲ್‌ನಲ್ಲಿ ಸುಮಾರು 8 ಕಿಲೋ ಓಮ್ ಉಳಿಯುತ್ತದೆ. 59ರಲ್ಲಿ ಉಳಿಯುವುದು 4, ಬಡಕಲು ಸೌಂಡು.

ಸೂಪರ್ ಡಿಸ್ಟಾರ್ಷನ್ 1972ರದು, ಸೆರಾಮಿಕ್ ಮ್ಯಾಗ್ನೆಟ್. ರಾಕ್ ಬ್ಯಾಂಡಿಗೆ ಸರಿ, ತೆಳು ಮೈಯ ಗಿಟಾರಿಗೂ ತೂಕ ಕೊಡುತ್ತದೆ. ಮಲ್ಟಿ ಎಫೆಕ್ಟ್ ಪೆಡಲಿನ ಇನ್‌ಪುಟ್ ಲೆವೆಲ್ ಇಳಿಸದಿದ್ದರೆ ಕ್ಲೀನ್ ಟೋನೂ ಒಡೆಯುತ್ತದೆ. ರಸಮಂಜರಿಗೆ ಇದು ಅತಿಯಾಯಿತು. ಅಲ್ಲಿಗೆ 59 ಸಾಕು, ಲೀಡ್ ಜಾಸ್ತಿಯಿದ್ದರೆ ಜೆಬಿ.

ಪಿಕಪ್ ಕೊಳ್ಳುವ ಮುಂಚೆ ಇನ್ನೊಂದು ಪರೀಕ್ಷೆ ಮಾಡಿ. ನಮ್ಮಲ್ಲಿ ಬಹಳ ಕಡೆ ಗಿಟಾರನ್ನು ನೇರವಾಗಿ ಮಿಕ್ಸರ್‌ನ ಲೈನ್ ಇನ್‌ಪುಟ್‌ಗೆ ಚುಚ್ಚುತ್ತಾರೆ. ಪ್ಯಾಸಿವ್ (ಬ್ಯಾಟರಿ ಇಲ್ಲದ) ಪಿಕಪ್‌ಗೆ ಎದುರು ಸುಮಾರು 1 ಮೆಗಾ ಓಮ್ ಇನ್‌ಪುಟ್ ಬೇಕು. ಲೈನ್ ಇನ್‌ಪುಟ್ ಹತ್ತಿಪ್ಪತ್ತು ಕಿಲೋ ಓಮ್ ಮಾತ್ರ ಇರುತ್ತದೆ. ಮೇಲಿನ ಝೇಂಕಾರವೆಲ್ಲ ಅಲ್ಲೇ ಸತ್ತುಹೋಗಿ, ಕಂಬಳಿ ಹೊದಿಸಿದಂತೆ ಕೇಳುತ್ತದೆ. ಮಧ್ಯೆ ಒಂದು ಆಕ್ಟಿವ್ ಡಿಐ ಬಾಕ್ಸ್ (ಗಿಟಾರಿನ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸುವ ಪೆಟ್ಟಿಗೆ) ಅಥವಾ ಬಫರ್ ಇರುವ ಪೆಡಲ್ ಹಾಕಿ ನೋಡಿ. ಉದ್ದನೆಯ ಕೇಬಲ್ಲೂ ಹೀಗೇ ಝೇಂಕಾರ ಕೊಲ್ಲುತ್ತದೆ: ಅದರ ಕೆಪಾಸಿಟೆನ್ಸ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಅಂದುಕೊಂಡರೂ 10 ಮೀಟರಿಗೆ 1000. ಎಷ್ಟೋ ಗಿಟಾರುಗಳ ಮಂಕು ಡಿಐ ಬಾಕ್ಸ್‌ಗೇ ವಾಸಿಯಾಗುತ್ತದೆ.

ಆಮೇಲೆ ಎತ್ತರ. ಕೊನೆಯ ಫ್ರೆಟ್ ಒತ್ತಿ ಹಿಡಿದು ತಂತಿಯ ಅಡಿಯಿಂದ ಪಿಕಪ್‌ನ ಸ್ಕ್ರೂ ತಲೆಯವರೆಗೆ ಅಳೆಯಿರಿ: ದಪ್ಪ ತಂತಿ ಕಡೆ 2.5 ಮಿ.ಮೀ., ಸಣ್ಣ ತಂತಿ ಕಡೆ 2 ಮಿ.ಮೀ.ಯಿಂದ ಶುರುಮಾಡಿ. ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ, ನುಡಿಸಿ, ಮತ್ತೆ ಅರ್ಧ ಸುತ್ತು. ತೀರಾ ಹತ್ತಿರ ತಂದರೆ ಸೌಂಡ್ ಜೋರಾಗುತ್ತದೆ, ಆದರೆ ಪ್ಲೆಕ್ಟ್ರಮ್ ತಾಗಿದ ಸದ್ದೇ ಮುಂದೆ ಬಂದು ನಾದ ಹಿಂದೆ ಬೀಳುತ್ತದೆ.

ಆರ್ಡರ್ ಮಾಡುವಾಗ ಪಿಕಪ್ ಮೇಲೆ ಎರಡು ಅಂಚಿನ ತಂತಿಗಳ ನಡುವಿನ ಅಂತರ ನೋಡಿಕೊಳ್ಳಿ. 49–50 ಮಿ.ಮೀ. ಇದ್ದರೆ ಮಾಮೂಲಿ ಅಳತೆ. 52ರ ಆಸುಪಾಸು ಇದ್ದರೆ ಡಿಮಾರ್ಜಿಯೊದಲ್ಲಿ ಎಫ್ ಸ್ಪೇಸಿಂಗ್, ಡಂಕನ್‌ನಲ್ಲಿ ಟ್ರೆಂಬಕರ್ ಕೇಳಿ. ಸ್ಪ್ಲಿಟ್ ಬೇಕಿದ್ದರೆ ನಾಲ್ಕು ಬಣ್ಣದ ವೈರ್ ಇರುವುದೇ ಬೇಕು.

ಬಣ್ಣದಲ್ಲೇ ಜನ ಎಡವುವುದು. ಡಂಕನ್‌ನಲ್ಲಿ ಕಪ್ಪು ವೈರ್ ಹಾಟ್ (ಸಿಗ್ನಲ್ ಹೊರುವುದು), ಕೆಂಪು–ಬಿಳಿ ಸೇರಿಸಿ ಟೇಪ್ ಸುತ್ತಬೇಕು. ಡಿಮಾರ್ಜಿಯೊದಲ್ಲಿ ಕೆಂಪು ಹಾಟ್, ಕಪ್ಪು–ಬಿಳಿ ಜೋಡಿ. ಎರಡರಲ್ಲೂ ಹಸಿರು ಮತ್ತು ಬರಿ ವೈರ್ ಗ್ರೌಂಡಿಗೆ. ಪಾಟ್‌ನ ಬೆನ್ನಿಗೆ 25 ವ್ಯಾಟ್ ಐರನ್‌ನಲ್ಲಿ ಬೆಸುಗೆ ಹಾಕಿದರೆ ಲೋಹ ಶಾಖ ಹೀರಿಕೊಂಡು ಸೋಲ್ಡರ್ ಬೂದು ಬಣ್ಣದ ಗುಳ್ಳೆಯಾಗಿ ಕೂರುತ್ತದೆ. ನಾಲ್ಕು ದಿನಕ್ಕೆ ಕರಕರ ಶುರು. 60 ವ್ಯಾಟ್, ಅಗಲ ತುದಿ, ಪಾಟ್ ಬೆನ್ನನ್ನು ಮೊದಲು ಮರಳು ಕಾಗದದಿಂದ ಉಜ್ಜಿ, ಮೂರ್ನಾಲ್ಕು ಸೆಕೆಂಡಿನಲ್ಲಿ ಮುಗಿಸಿ.

ಎರಡೂ ಪಿಕಪ್ ಒಟ್ಟಿಗೆ ಆನ್ ಮಾಡಿದಾಗ ಸೌಂಡ್ ಟೊಳ್ಳಾಗಿ ಮೂಗಿನಲ್ಲಿ ಬಂದರೆ ಫೇಸ್ ಉಲ್ಟಾ, ಅಂದರೆ ಎರಡರ ಸಿಗ್ನಲ್ ಒಂದನ್ನೊಂದು ಅಳಿಸುತ್ತಿವೆ. ಹೊಸ ಪಿಕಪ್‌ನ ಹಾಟ್ ವೈರನ್ನೂ ಹಸಿರನ್ನೂ ಅದಲುಬದಲು ಮಾಡಿ, ಬರಿ ವೈರ್ ಗ್ರೌಂಡಿನಲ್ಲೇ ಇರಲಿ. ಹಂಬಕರ್ ಹಾಕಿದ ಮೇಲೂ ಗುಂಯ್ ಎನ್ನುವುದು ನಿಲ್ಲದಿದ್ದರೆ, ಮೈಕಿಗೆ ತುಟಿ ತಾಗಿದಾಗ ಚುರ್ ಎಂದರೆ, ತಪ್ಪು ಪಿಕಪ್‌ನದಲ್ಲ: ಪೆಂಡಾಲಿನ ಬೋರ್ಡಿನಲ್ಲಿ ಅರ್ತ್ ಇಲ್ಲ. ಲೈನ್‌ಮನ್ ಬಂದು ಸರಿಮಾಡುವ ತನಕ ಗಿಟಾರ್ ಮುಟ್ಟಬೇಡಿ.