ಬಾಣಗಳಲ್ಲಿ ಕಂಡ ಜಂಬೂಸವಾರಿ

ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ನಾನೇ ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸಿದ್ದ ಜಂಬೂಸವಾರಿಯ ವಿಡಿಯೊವನ್ನು ವೈಟಿ-ಡಿಎಲ್‌ಪಿ ಎಂಬ ತಂತ್ರಾಂಶದಿಂದ ಇಳಿಸಿಕೊಂಡು, ವಿಡಿಯೊ ಸಂಸ್ಕರಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ, ಚಲನೆಯನ್ನು ಬಾಣಗಳಾಗಿ ತೋರಿಸುವ ಕೋಡೆಕ್‌ವ್ಯೂ ಫಿಲ್ಟರಿನ ಮೂಲಕ ನೋಡಿದೆ. ಎರಡೂ ಉಚಿತ. ಇಳಿಸುವ ಕೆಲಸ ಒಂದೇ ಸಾಲಿನ ಆದೇಶದಲ್ಲಿ ಮುಗಿಯುತ್ತದೆ, ಆದರೆ ಎಚ್.264 ಎಂಬ ಸಂಕೋಚನ ರೂಪವನ್ನೇ ಆರಿಸಿಕೊಳ್ಳಬೇಕು, ಎಫ್‌ಎಫ್‌ಎಂಪೆಗ್‌ಗೆ ಕೊಡುವ ಆದೇಶದಲ್ಲಿ ಚಲನೆಯ ಮಾಹಿತಿಯನ್ನು ಹೊರತೆಗೆಯುವ ಸೂಚನೆಯನ್ನು ಕಡತದ ಹೆಸರಿಗಿಂತ ಮೊದಲೇ ಕೊಡಬೇಕು. ವಿಡಿಯೊದ ಗಾತ್ರ ಇಳಿಸುವ ಈ ಸಂಕೋಚನದಲ್ಲಿ ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಉಳಿಸದೆ, 16×16 ಪಿಕ್ಸೆಲ್‌ಗಳ ಅಥವಾ ಅದಕ್ಕೂ ಚಿಕ್ಕ ತುಂಡುಗಳು ಬೇರೆ ಫ್ರೇಮಿನ ಯಾವ ಜಾಗದಿಂದ ಬಂದವೆಂಬುದನ್ನೂ ಉಳಿದ ವ್ಯತ್ಯಾಸವನ್ನೂ ದಾಖಲಿಸಲಾಗುತ್ತದೆ. ಆ ಸ್ಥಳಾಂತರವೇ ಇಲ್ಲಿ ಬಾಣಗಳಾಗಿ ಮೂಡುತ್ತದೆ. ಆನೆ ಹೆಜ್ಜೆಯೆತ್ತಿದಾಗ ಅದರ ಕಾಲಿನ ಮೇಲೆ ಬಾಣಗಳು ದಟ್ಟವಾದವು, ಹಿಂದಿನ ಕಟ್ಟಡದ ಮೇಲೆ ಹೆಚ್ಚುಕಡಿಮೆ ಒಂದೂ ಇರಲಿಲ್ಲ; ಕ್ಯಾಮೆರಾ ತಿರುಗಿದೊಡನೆ ಆ ಗೋಡೆಯ ಮೇಲೂ ಸಾಲುಸಾಲಾಗಿ ಒಂದೇ ದಿಕ್ಕಿಗೆ ಹರಿದವು. ನಮ್ಮ ಎಂಜಿನಿಯರಿಂಗ್ ತರಗತಿಗಳಲ್ಲಿ ಇದನ್ನು ತೋರಿಸಲೇಬೇಕು.