ಅಪ್ಪನ ಟ್ರಂಕಿನ ಹಳೆಯ ಮಾಲು, ಜೆ.ಸಿ. ರಸ್ತೆಯ ಹೊಸ ಮಾಲು: ಅಂಬಾಸಿಡರ್ ಎಂಜಿನ್ ಕಟ್ಟಿದಾಗ ಕಂಡ ಹೋಲಿಕೆ

ನಮ್ಮ ತಂದೆಯವರು 1974ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 2 ಕಾರಿನ ಎಂಜಿನ್ನನ್ನು ನಾನು 2024ರ ಆರಂಭದಲ್ಲಿ ಪೂರ್ತಿಯಾಗಿ ಬಿಚ್ಚಿ ಮತ್ತೆ ಕಟ್ಟಿದೆ. ಉತ್ತರಪಾರಾದ ಕಾರ್ಖಾನೆಯಿಂದ ಬಂದ 1489 ಸಿಸಿಯ ಎಂಜಿನ್ ಅದು. ಮೂಲತಃ ಬ್ರಿಟನ್ನಿನ ಬಿ.ಎಂ.ಸಿ. ಕಂಪನಿಯ ಬಿ-ಸರಣಿಗೆ ಸೇರಿದ್ದು. ಆಯಿಲ್ ಕುಡಿಯುತ್ತಿತ್ತು, ನೀಲಿ ಹೊಗೆ ಬಿಡುತ್ತಿತ್ತು, ಬಿಸಿಯಾದ ಮೇಲೆ ಆಯಿಲ್ ಪ್ರೆಷರ್ ನಿಲ್ಲುತ್ತಿರಲಿಲ್ಲ. ಅರಸೀಕೆರೆಯಲ್ಲಿದ್ದಾಗ ಬಿಡಿಭಾಗ ಬೇಕಾದಾಗಲೆಲ್ಲ ಬೆಂಗಳೂರಿಗೆ ಬರಬೇಕಾಗುತ್ತಿದ್ದುದರಿಂದ, ತಂದೆಯವರು ಎಂಬತ್ತರ ದಶಕದಲ್ಲಿ ಒಂದೊಂದೇ ಸಾಮಾನನ್ನು ಮುಂಗಡವಾಗಿ ಕೊಂಡು ಒಂದು ತಗಡಿನ ಟ್ರಂಕಿನಲ್ಲಿ ತುಂಬಿಸಿಟ್ಟಿದ್ದರು. ಪಿಸ್ಟನ್, ಬೇರಿಂಗ್, ವಾಲ್ವ್, ಟೈಮಿಂಗ್ ಚೈನು, ಪ್ಯಾಕಿಂಗ್ ಸೆಟ್ಟು, ಪೆಟ್ರೋಲ್ ಪಂಪಿನ ಕಿಟ್ಟು, ಪಾಯಿಂಟ್ ಸೆಟ್ಟು ಎಲ್ಲವೂ ಅದರಲ್ಲಿದ್ದವು. ಅವುಗಳಲ್ಲಿ ಹೆಚ್ಚಿನವಕ್ಕೆ ಈಗ ತಯಾರಾಗುವ ಬದಲಿ ಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಇಂದಿಗೂ ಸಿಗುತ್ತವೆ. ಆದ್ದರಿಂದ ಮುಖ್ಯವಾದ ಪ್ರತಿಯೊಂದು ಭಾಗಕ್ಕೂ ಎರಡನ್ನೂ ಮೇಜಿನ ಮೇಲೆ ಇಟ್ಟು, ಮೈಕ್ರೋಮೀಟರಿನಲ್ಲಿ ಅಳೆದು, ಸಾಧ್ಯವಾದ ಕಡೆ ಎರಡನ್ನೂ ಎಂಜಿನ್ನಿನಲ್ಲಿ ಹಾಕಿ ಓಡಿಸಿ ನೋಡಿದೆ.

ಬೇರಿಂಗ್‌ಗಳಿಂದ ಆರಂಭಿಸುತ್ತೇನೆ, ಏಕೆಂದರೆ ಎರಡು ಮಾಲುಗಳ ನಡುವಿನ ವ್ಯತ್ಯಾಸ ಅತ್ಯಂತ ಸ್ಪಷ್ಟವಾಗಿ ಕಂಡದ್ದು ಅಲ್ಲಿಯೇ. ಪಿಸ್ಟನ್‌ಗಳ ಮೇಲೆ-ಕೆಳಗಿನ ಓಟವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕ್ ದಂಡವನ್ನು ಹಿಂದೊಮ್ಮೆ 10 ಥೌ ಅರೆಯಲಾಗಿತ್ತು. (ಒಂದು ಥೌ ಎಂದರೆ ಅಂಗುಲದ ಸಾವಿರದ ಒಂದು ಭಾಗ.) ಈಗ ಅದು ಮೊಟ್ಟೆಯಾಕಾರಕ್ಕೆ ಸವೆದಿದ್ದರಿಂದ 20 ಥೌಗೆ ಅರೆಸದೆ ಬೇರೆ ದಾರಿಯಿರಲಿಲ್ಲ. ಅರೆದಷ್ಟೂ ಬೇರಿಂಗ್ ದಪ್ಪವಿರಬೇಕು, ಟ್ರಂಕಿನಲ್ಲಿದ್ದ ಬೇರಿಂಗ್ ಸೆಟ್ಟೂ ಅದೃಷ್ಟವಶಾತ್ 20 ಥೌನದೇ ಆಗಿತ್ತು. ಮೇಣದ ಕಾಗದ ಬಿಚ್ಚಿದಾಗ ಹಳೆಯ ಗ್ರೀಸಿನ ವಾಸನೆ ಬಂತು. ಬೂದುಬಣ್ಣದ ಮೈಯಲ್ಲಿ ಎಲ್ಲಿಯೂ ತುಕ್ಕಿರಲಿಲ್ಲ. ಒಂದು ಅರೆಬೇರಿಂಗಿನ ಒಳಮೈಯಲ್ಲಿ ಮಾತ್ರ ಯಾರದೋ ಹೆಬ್ಬೆಟ್ಟಿನ ಗುರುತು ಅಚ್ಚೊತ್ತಿದಂತೆ ಉಳಿದಿತ್ತು. ಎಂದೋ ಅಂಗಡಿಯಲ್ಲಿ ಬರಿಗೈಯಲ್ಲಿ ಮುಟ್ಟಿದವರ ಬೆವರು ಸೀಸದ ಪದರವನ್ನು ಅಷ್ಟು ವರ್ಷಗಳಲ್ಲಿ ತಿಂದಿತ್ತು, ಉಗುರಿನಿಂದ ಸವರಿದರೆ ರೇಖೆಗಳು ತಟ್ಟುತ್ತಿದ್ದವು. ಕ್ರ್ಯಾಂಕನ್ನು ಬ್ಲಾಕಿನಲ್ಲಿ ಹಿಡಿದಿಡುವ ಮೂರು ಮೇನ್ ಬೇರಿಂಗ್‌ಗಳಿಗೆ ಆರು, ಪಿಸ್ಟನ್ ರಾಡುಗಳು ಕ್ರ್ಯಾಂಕಿಗೆ ಸೇರುವ ನಾಲ್ಕು ಬಿಗ್ ಎಂಡ್‌ಗಳಿಗೆ ಎಂಟು, ಹೀಗೆ ಒಟ್ಟು ಹದಿನಾಲ್ಕು ಅರೆಗಳಲ್ಲಿ ಕೆಟ್ಟಿದ್ದು ಅದೊಂದೇ. ಉಳಿದ ಹದಿಮೂರರ ದಪ್ಪ, ಮೇನ್‌ಗೆ ಮೇನ್, ಬಿಗ್ ಎಂಡ್‌ಗೆ ಬಿಗ್ ಎಂಡ್ ಹೋಲಿಸಿದಾಗ, ಅರ್ಧ ಥೌನೊಳಗೆ ಒಂದಕ್ಕೊಂದು ಹೊಂದುತ್ತಿತ್ತು.

ಹೊಸ ಸೆಟ್ಟು ನೋಡಲು ಇದಕ್ಕಿಂತ ಚೆನ್ನಾಗಿತ್ತು, ಹೊಳೆಯುತ್ತಿತ್ತು. ಆದರೆ ಅಳೆದಾಗ ಅದರ ಎರಡು ಅರೆಗಳು ಜೊತೆಯವುಗಳಿಗಿಂತ ಪೂರ್ತಿ ಒಂದು ಥೌ ತೆಳುವಾಗಿದ್ದವು. ಪ್ಲಾಸ್ಟಿಗೇಜ್ ಎಂಬ ಮೇಣದಂಥ ಎಳೆಯನ್ನು ಇಟ್ಟು ಕ್ಯಾಪ್ ಬಿಗಿದು ಬಿಚ್ಚಿ ನೋಡಿದರೆ, ಟ್ರಂಕಿನ ಬೇರಿಂಗಿನಲ್ಲಿ 2 ಥೌ ಸಂದು, ಅದೇ ಜಾಗದಲ್ಲಿ ಹೊಸ ತೆಳು ಬೇರಿಂಗಿನಲ್ಲಿ 3 ಥೌಗೂ ಮೀರಿದ ಸಂದು. ಈ ಎಂಜಿನ್ನಿನಲ್ಲಿ ಇದು ಚಿಕ್ಕ ವಿಷಯವಲ್ಲ. ಕ್ರ್ಯಾಂಕಿನ ಹಿಂಬದಿಗೆ ರಬ್ಬರಿನ ಆಯಿಲ್ ಸೀಲ್ ಇಲ್ಲ. ಕ್ರ್ಯಾಂಕಿನ ಮೇಲೆಯೇ ಕೊರೆದ, ಸ್ಕ್ರೂವಿನ ಮರೆಯಂತಹ ಸುತ್ತುಗೆರೆ ಆಯಿಲನ್ನು ಒಳಕ್ಕೆ ಹಿಂದಿರುಗಿಸುತ್ತದೆ. ಹಿಂದಿನ ಮೇನ್ ಬೇರಿಂಗಿನ ಸಂದು ಹೆಚ್ಚಾದರೆ ಆ ಗೆರೆ ಹಿಂದಿರುಗಿಸಬಲ್ಲದ್ದಕ್ಕಿಂತ ಹೆಚ್ಚು ಆಯಿಲ್ ಬಂದು ಕ್ಲಚ್ಚಿನ ಮೇಲೆ ಸೋರುತ್ತದೆ. ಟ್ರಂಕಿನ ಸೆಟ್ಟನ್ನೇ ಹಾಕಿದೆ, ಬೆರಳಚ್ಚಿದ್ದ ಬಿಗ್ ಎಂಡಿಗೆ ಮಾತ್ರ ಹೊಸ ಸೆಟ್ಟಿನಲ್ಲಿ ಅಳತೆ ಸರಿಯಿದ್ದ ಒಂದು ಜೋಡಿಯನ್ನು ಆರಿಸಿಕೊಂಡೆ. ಈಗ ಪೂರ್ತಿ ಬಿಸಿಯಾದ ಮೇಲೂ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ನಾನು ಪ್ರತ್ಯೇಕವಾಗಿ ಕೂರಿಸಿದ ಮೀಟರು 45ರಿಂದ 50 ಪೌಂಡ್ ಪ್ರೆಷರ್ ತೋರಿಸುತ್ತದೆ.

ಪಿಸ್ಟನ್ ವಿಷಯದಲ್ಲಿ ನನ್ನ ತೀರ್ಮಾನ ಇದಕ್ಕೆ ವಿರುದ್ಧವಾಯಿತು, ಅದೂ ಹಳೆಯದೇ ಉತ್ತಮವಾಗಿದ್ದಾಗ್ಯೂ. ಟ್ರಂಕಿನ ನಾಲ್ಕು ಪಿಸ್ಟನ್‌ಗಳನ್ನು ತೂಗಿದರೆ ಅತಿ ಭಾರದ್ದಕ್ಕೂ ಅತಿ ಹಗುರದ್ದಕ್ಕೂ 2 ಗ್ರಾಮಿನ ವ್ಯತ್ಯಾಸ ಮಾತ್ರ ಇತ್ತು. ಹೊಸ ನಾಲ್ಕರಲ್ಲಿ ಅದು 9 ಗ್ರಾಮ್. ಆದರೆ ಟ್ರಂಕಿನವು 40 ಥೌ ಓವರ್‌ಸೈಜ್, ಅಂದರೆ ಮೂಲ ಅಳತೆಗಿಂತ ಅಷ್ಟು ದೊಡ್ಡವು, ಆಗಿದ್ದವು. ಈ ಎಂಜಿನ್ನಿನ ಮೂಲ ಬೋರು (ಸಿಲಿಂಡರಿನ ಒಳವ್ಯಾಸ) 73.025 ಮಿಲಿಮೀಟರ್, 40 ಥೌ ಎಂದರೆ 74.04 ಮಿಲಿಮೀಟರಿಗೆ ಕೊರೆಯಬೇಕು, ಸಾಮಾನ್ಯವಾಗಿ ಅದೇ ಕೊನೆಯ ಅಳತೆ, ಅದಾದ ಮೇಲೆ ಸ್ಲೀವ್, ಅಂದರೆ ಸಿಲಿಂಡರಿನೊಳಗೆ ಹೊಸ ಕೊಳವೆ, ಹಾಕಿಸಬೇಕು. ನಮ್ಮ ಬ್ಲಾಕು 20 ಥೌನಲ್ಲಿತ್ತು, 30 ಥೌಗೆ ಕೊರೆದರೆ ಸವೆತವೆಲ್ಲ ಹೋಗುತ್ತಿತ್ತು. ಒಳ್ಳೆಯ ಪಿಸ್ಟನ್ ಕೈಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಬ್ಲಾಕಿನ ಕೊನೆಯ ಅಳತೆಯನ್ನು ಈಗಲೇ ಕಳೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಪಿಸ್ಟನ್ನನ್ನು ಮತ್ತೆ ಕೊಳ್ಳಬಹುದು. ಕಾರಿನ ಜೊತೆ ಬಂದ ಬ್ಲಾಕನ್ನು ಮತ್ತೆ ಕೊಳ್ಳಲಾಗದು. ಹೊಸ ಪಿಸ್ಟನ್‌ಗಳ ಒಳಗಿನ ದಪ್ಪ ಅಂಚನ್ನು ಸ್ವಲ್ಪ ಸ್ವಲ್ಪವೇ ಅರದಿಂದ ತೆಗೆದು ನಾಲ್ಕನ್ನೂ ಒಂದು ತೂಕಕ್ಕೆ ತಂದೆ. ಲೇತ್ ಅಂಗಡಿಯ ಮೇಸ್ತ್ರಿಯವರಿಗೆ ಪಿಸ್ಟನ್‌ಗಳನ್ನು ಮೊದಲೇ ಕೊಟ್ಟು, ಪ್ರತಿ ಬೋರನ್ನೂ ಅದರದರ ಪಿಸ್ಟನ್ ಅಳೆದೇ ಕೊರೆಯುವಂತೆ ಕೇಳಿಕೊಂಡೆ. ಅವರೂ ಹಾಗೆಯೇ ಮಾಡಿಕೊಟ್ಟರು.

ವಾಲ್ವ್‌ಗಳ ಅನುಭವ ಬೇರೆಯೇ ಆಗಿತ್ತು. ಟ್ರಂಕಿನ ವಾಲ್ವ್‌ಗಳಲ್ಲಿ ಒಂದು ಕುಂದೂ ಇರಲಿಲ್ಲ, ಕಾಂಡದ ಅಳತೆ ಹೊಸದಕ್ಕಿಂತ ನಿಖರವಾಗಿತ್ತು. ಹಾಗಾಗಿ ಅವನ್ನು ಹೆಡ್ಡಿನ (ಸಿಲಿಂಡರ್‌ಗಳ ಮೇಲಿನ ಮುಚ್ಚಳದ) ಮೂಲ ಸೀಟುಗಳ, ಅಂದರೆ ವಾಲ್ವ್ ಕೂರುವ ಅಂಚುಗಳ, ಮೇಲೆಯೇ ಪೇಸ್ಟ್ ಹಾಕಿ ತಿರುವಿ ಕೂರಿಸಿದೆ. ಈ ಹೆಡ್ಡಿನಲ್ಲಿ ಸೀಟುಗಳು ಪ್ರತ್ಯೇಕ ಉಂಗುರಗಳಲ್ಲ, ಎರಕದ ಕಬ್ಬಿಣದಲ್ಲಿಯೇ ಕೊರೆದವು. ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ ಆ ಸೀಸವೇ ವಾಲ್ವಿಗೂ ಸೀಟಿಗೂ ನಡುವೆ ತೆಳು ಪದರವಾಗಿ ನಿಂತು ಸವೆತ ತಡೆಯುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿದೆ. ಸುಮಾರು 4,000 ಕಿಲೋಮೀಟರ್ ಓಡಿದ ಮೇಲೆ ಸಂದು ಅಳೆಯುವ ಫೀಲರ್ ಗೇಜ್ ಹಾಕಿ ನೋಡಿದರೆ, 15 ಥೌಗೆ ಇಟ್ಟಿದ್ದ ಟ್ಯಾಪೆಟ್ ಸಂದು (ವಾಲ್ವ್ ತುದಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಅಂತರ) ಹೊಗೆ ಹೊರಬಿಡುವ ಎರಡು ಎಕ್ಸಾಸ್ಟ್ ವಾಲ್ವ್‌ಗಳಲ್ಲಿ 10 ಥೌಗೆ ಇಳಿದಿತ್ತು, ಅಂದರೆ ವಾಲ್ವ್ ತನ್ನ ಸೀಟಿನೊಳಕ್ಕೆ ಮುಳುಗುತ್ತಿತ್ತು. ಹೆಡ್ಡನ್ನು ಮತ್ತೆ ಇಳಿಸಿ, ಎಕ್ಸಾಸ್ಟ್ ಕಡೆಗೆ ಗಟ್ಟಿ ಉಕ್ಕಿನ ಸೀಟು ಉಂಗುರಗಳನ್ನು ಕೂರಿಸಿ, ಹೊಸದಾಗಿ ತಯಾರಾದ ಎಕ್ಸಾಸ್ಟ್ ವಾಲ್ವ್‌ಗಳನ್ನು ಹಾಕಿಸಿದೆ. ಇನ್‌ಲೆಟ್ ಕಡೆ ಟ್ರಂಕಿನವೇ ಮುಂದುವರಿದಿವೆ. ಅಲ್ಲಿಂದೀಚೆಗೆ ಸಂದು ಒಂದು ಥೌನಷ್ಟೂ ಕದಲಿಲ್ಲ. ಭಾಗ ಕೆಟ್ಟಿರಲಿಲ್ಲ, ಅದು ತಯಾರಾದ ಕಾಲದ ಪೆಟ್ರೋಲ್ ಈಗ ಇಲ್ಲ. ಟ್ರಂಕಿನ ವಾಲ್ವ್ ಸ್ಪ್ರಿಂಗ್‌ಗಳಲ್ಲಿ ಎರಡಕ್ಕೆ ತುಕ್ಕಿನ ಸಣ್ಣ ಚುಕ್ಕೆಗಳಿದ್ದವು, ಅವನ್ನು ಬಳಸಲಿಲ್ಲ, ಏಕೆಂದರೆ ಸ್ಪ್ರಿಂಗ್ ಮುರಿಯುವುದು ಅಂತಹ ಚುಕ್ಕೆಯಿಂದಲೇ.

ಪೆಟ್ರೋಲ್ ಬದಲಾದದ್ದು ಇನ್ನೊಂದು ಕಡೆಯೂ ತೊಂದರೆ ಕೊಟ್ಟಿತು, ಅದು ಅಪಾಯದ ತೊಂದರೆ. ಟ್ರಂಕಿನಲ್ಲಿದ್ದ ಪೆಟ್ರೋಲ್ ಪಂಪಿನ ಡಯಾಫ್ರಮ್ (ರಬ್ಬರಿನ ಪೊರೆ) ಮೆತ್ತಗೆ, ಹೊಸದರಂತೆಯೇ ಇತ್ತು. ಹಾಕಿದೆ. ಮೂರನೆಯ ವಾರ ಬೆಳಿಗ್ಗೆ ಆಯಿಲ್ ಕಡ್ಡಿ ಎತ್ತಿ ನೋಡಿದಾಗ ಮಟ್ಟ ಗೆರೆಗಿಂತ ಮೇಲಿತ್ತು, ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲ್ ವಾಸನೆ. ಪಂಪನ್ನು ಬಿಚ್ಚಿದರೆ ಡಯಾಫ್ರಮ್ ಉಬ್ಬಿ, ನಡುವಿನ ಕಂಬಿಯ ಸುತ್ತ ಸೀಳಿ, ಪೆಟ್ರೋಲನ್ನು ನೇರವಾಗಿ ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಾದ ಸಂಪ್‌ಗೆ ಇಳಿಸುತ್ತಿತ್ತು. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ, ಎಂಬತ್ತರ ದಶಕದ ರಬ್ಬರು ಅದನ್ನು ತಡೆಯುವಂತೆ ತಯಾರಾದದ್ದಲ್ಲ. ಎಥನಾಲ್ ತಾಳುವ ಹೊಸ ಡಯಾಫ್ರಮ್ ಹಾಕಿ, ಪೆಟ್ರೋಲ್ ಪೈಪುಗಳನ್ನೂ ಬದಲಿಸಿ, ಆಯಿಲನ್ನು ಪೂರ್ತಿ ಚೆಲ್ಲಿದೆ. ಈ ಒಂದು ಭಾಗದಲ್ಲಿ ಹಳೆಯದನ್ನು ಪರೀಕ್ಷೆಗೂ ಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ. ತೆಳುವಾದ ಆಯಿಲಿನಲ್ಲಿ ಇನ್ನೂ ಕೆಲವು ದಿನ ಓಡಿದ್ದರೆ ಮೇಲೆ ಹೇಳಿದ ಬೇರಿಂಗ್‌ಗಳು ಉಳಿಯುತ್ತಿರಲಿಲ್ಲ.

ಪ್ಯಾಕಿಂಗ್‌ಗಳಲ್ಲಿ ಸಂಪಿನ ಕಾರ್ಕ್ ಮಾತ್ರ ಪ್ರಯತ್ನಿಸಿದೆ. ಅದು ಒಣಗಿ ಎಷ್ಟು ಕುಗ್ಗಿತ್ತೆಂದರೆ ಬೋಲ್ಟಿನ ತೂತುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಬಿಸಿನೀರಿನಲ್ಲಿ ನೆನೆಸಿದ ಮೇಲೆ ಅಳತೆಗೆ ಬಂತು, ಆದರೆ 300 ಕಿಲೋಮೀಟರ್ ಆಗುವಷ್ಟರಲ್ಲಿ ಎರಡು ತುದಿಗಳ ಅರ್ಧಚಂದ್ರಾಕಾರದ ಜಾಗದಲ್ಲಿ ಬಿರುಕು ಬಿಟ್ಟು ಸೋರತೊಡಗಿತು. ಮುಂದಿನ ಆಯಿಲ್ ಸೀಲ್ ಬೆರಳಿನಿಂದ ಒತ್ತಿದರೆ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿತ್ತು. ಹೆಡ್ ಗ್ಯಾಸ್ಕೆಟ್ ತಾಮ್ರ ಮತ್ತು ಕಲ್ನಾರಿನದು, ಕ್ಲಚ್ ಪ್ಲೇಟಿನ ಲೈನಿಂಗೂ ಕಲ್ನಾರಿನದೇ. ಆ ಧೂಳು ಶ್ವಾಸಕೋಶಕ್ಕೆ ಮಾರಕವಾದ್ದರಿಂದ ಎರಡನ್ನೂ ಉಜ್ಜದೆ, ಊದದೆ, ಚೀಲದಲ್ಲಿ ಕಟ್ಟಿ ಬದಿಗಿಟ್ಟು, ಹೊಸದನ್ನೇ ಹಾಕಿದೆ.

ಟೈಮಿಂಗ್ ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸದರ ಪಕ್ಕದಲ್ಲಿ ಅಡ್ಡಲಾಗಿ ಹಿಡಿದಾಗ ಟ್ರಂಕಿನದು ಕಡಿಮೆ ಬಾಗಿತು, ಅದನ್ನೇ ಹಾಕಿದೆ. ಕಿಡಿಗಾಗಿ ವಿದ್ಯುತ್ತನ್ನು ಕೂಡಿಸಿ ಕಡಿಯುವ ಪಾಯಿಂಟ್ ಸೆಟ್ಟಿನ ಕಥೆಯೂ ಅದೇ. ಹೊಸದರ ಹಿಮ್ಮಡಿ ಸಾವಿರ ಕಿಲೋಮೀಟರಿನೊಳಗೆ ಸವೆದು ಸಂದು ಮುಚ್ಚಿಕೊಂಡಿತು. ಹಳೆಯದರ ತುದಿಗಳಲ್ಲಿದ್ದ ಮಬ್ಬು ಪದರವನ್ನು ನುಣುಪಾದ ಅರದಿಂದ ತೆಗೆದು ಹಾಕಿದ ಮೇಲೆ ಇಂದಿನವರೆಗೆ ಮತ್ತೆ ಸರಿಪಡಿಸಬೇಕಾಗಿಲ್ಲ.

ಖರ್ಚಿನಲ್ಲಿ ಟ್ರಂಕಿನಿಂದ ಆದ ಉಳಿತಾಯ ನಿರೀಕ್ಷಿಸಿದ್ದಕ್ಕಿಂತ ಕಡಿಮೆ. ಕ್ರ್ಯಾಂಕ್ ಅರೆಯುವುದು, ಬೋರ್ ಕೊರೆಯುವುದು, ಸೀಟು ಕೂರಿಸುವುದು ಇವುಗಳ ಕೂಲಿ ಯಾವ ಮಾಲು ಹಾಕಿದರೂ ಒಂದೇ, ದೊಡ್ಡ ಮೊತ್ತ ಹೋಗುವುದೂ ಅಲ್ಲಿಗೇ. ಅದರ ಮೇಲೆ ಎರಡನೆಯ ಸಲ ಹೆಡ್ ಇಳಿಸಿದ ಮತ್ತು ಸಂಪ್ ಇಳಿಸಿದ ಶ್ರಮವನ್ನೂ ಸೇರಿಸಬೇಕು.

ರಬ್ಬರು ಮತ್ತು ಕಾರ್ಕಿನ ಸಾಮಾನುಗಳನ್ನೆಲ್ಲ ಟ್ರಂಕಿನಿಂದ ತೆಗೆದುಹಾಕಿದ್ದೇನೆ. 40 ಥೌನ ನಾಲ್ಕು ಪಿಸ್ಟನ್‌ಗಳನ್ನು ಕೈಗವಸು ಹಾಕಿಕೊಂಡು ಒರೆಸಿ, ಗ್ರೀಸ್ ಸವರಿ, ಹೊಸ ಮೇಣದ ಕಾಗದದಲ್ಲಿ ಸುತ್ತಿ, ಪ್ರತಿಯೊಂದರ ಮೇಲೂ ಅಳತೆ ಮತ್ತು ತೂಕ ಬರೆದು ಅದರಲ್ಲಿಯೇ ಇಟ್ಟಿದ್ದೇನೆ. ಈ ಬ್ಲಾಕನ್ನು ಇನ್ನೊಮ್ಮೆ ಕೊರೆಸುವ ದಿನ ಬಂದಾಗ ಬೇಕಾಗುವ ಅಳತೆ ಅದೇ.