ವಿನೋಬನಗರದ ಛಂದಸ್ಸಿನ ಕ್ಲಾಸು: ಎಂಟು ಭಾನುವಾರ ಹೋಗಿ ಬಂದ ಮೇಲೆ

ಶಿವಮೊಗ್ಗದ ವಿನೋಬನಗರದಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ತಮ್ಮ ಮನೆಯ ಜಗುಲಿಯಲ್ಲೇ ಛಂದಸ್ಸು, ಅಲಂಕಾರ ಹೇಳಿಕೊಡುತ್ತಾರೆ. ಹೊರಗೆ ಬೋರ್ಡ್ ಇಲ್ಲ, ಕ್ಲಾಸಿಗೊಂದು ಹೆಸರೂ ಇಲ್ಲ. ಎಂಟು ಭಾನುವಾರ, ಬೆಳಿಗ್ಗೆ ಹತ್ತರಿಂದ ಹನ್ನೆರಡು, ಒಟ್ಟು 600 ರೂಪಾಯಿ. ಹತ್ತನೇ ಕ್ಲಾಸಿನ ಮಗಳನ್ನು ಸೇರಿಸೋಕೆ ಅಂತ ಹೋದವಳು ನಾನೂ ಅವಳ ಪಕ್ಕದಲ್ಲೇ ಕೂತೆ. ಹೋಗಿ, ತುಂಬಾ ಚೆನ್ನಾಗಿದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಬೇಜಾರಾದ ವಿಷಯಗಳೂ ಇವೆ, ಅವನ್ನೂ ಬರೆದಿದ್ದೇನೆ.

ನಮ್ಮೂರು ತೀರ್ಥಹಳ್ಳಿ ಕಡೆ. ಯಕ್ಷಗಾನ, ತಾಳಮದ್ದಲೆ ಕೇಳಿಕೊಂಡೇ ಬೆಳೆದವಳು ನಾನು. ಭಾಗವತರು ಶುರು ಮಾಡಿದ ಕೂಡಲೇ "ಓ, ಭಾಮಿನಿ ಎತ್ತಿದ್ರು" ಅಂತ ಅಪ್ಪ ಹೇಳುತ್ತಿದ್ದುದು ಈಗಲೂ ಕಿವಿಯಲ್ಲಿದೆ. ಭಾಮಿನಿ ಅಂದ್ರೆ ಏನು ಅಂತ ನಾನು ಕೇಳಲೇ ಇಲ್ಲ. ಶಾಲೆಯಲ್ಲಿ ಗಣಗಳ ಸೂತ್ರ ಯಮಾತಾರಾಜಭಾನಸಲಗಂ ಬಾಯಿಪಾಠ ಮಾಡಿದೆ, ಅಕ್ಷರಗಳ ಮೇಲೆ ಉದ್ದ-ಗಿಡ್ಡದ ಗುರುತು ಹಾಕೋ ಪ್ರಸ್ತಾರ ಹಾಕಿದೆ, ಮಾರ್ಕ್ಸ್ ಬಂತು, ಮರೆತುಬಿಟ್ಟೆ. ಅಪ್ಪ ಹೇಳುತ್ತಿದ್ದ ಭಾಮಿನಿ, ಪುಸ್ತಕದಲ್ಲಿದ್ದ ಆರು ಸಾಲಿನ ಭಾಮಿನಿ ಷಟ್ಪದಿ ಎರಡೂ ಒಂದೇ ಅಂತ ಕಿವಿಗೆ ಗೊತ್ತಾಗಿದ್ದು ಈ ಜಗುಲಿಯಲ್ಲಿ.

ಮೊದಲ ದಿನ ಮೇಷ್ಟ್ರು ಪುಸ್ತಕ ತೆಗೆಸಲೇ ಇಲ್ಲ. ತೊಡೆ ಮೇಲೆ ತಾಳ ಹಾಕಿಸಿದರು. ತಕಿಟ ತಕಧಿಮಿ, ತಕಿಟ ತಕಧಿಮಿ. ಮೂರು, ನಾಲ್ಕು, ಮೂರು, ನಾಲ್ಕು. ಹತ್ತು ನಿಮಿಷ ಬರೀ ಇದೇ. ಆಮೇಲೆ "ಇದಕ್ಕೆ ಕೂರೋ ಹಾಗೆ ನೀವೇ ಸಾಲು ಕಟ್ಟಿ" ಅಂದರು. ಹೊರಗೆ ಮಳೆ ಹಿಡಿದಿತ್ತು. ಒಬ್ಬರು ಒಂದು ಮಾತು, ಇನ್ನೊಬ್ಬರು ಇನ್ನೊಂದು ಮಾತು ಅಂತ ಸೇರಿಸಿ, ತಾಳ ತಪ್ಪಿದ್ದನ್ನು ಬಿಟ್ಟು ಮತ್ತೆ ಹುಡುಕಿ, ಅರ್ಧ ಗಂಟೆಯಲ್ಲಿ ಇಷ್ಟಾಯಿತು:

ಮಳೆಯು ಬಂದಿತು ತುಂಗೆ ತುಂಬಿತು
ಕಳೆಯ ಕೀಳದೆ ಗದ್ದೆ ಕಾದಿದೆ
ಬಳಿಯ ಬೆಟ್ಟಕೆ ಮೋಡ ಕಟ್ಟಿದೆ ಹೊಳೆಯ ದಾಟಲು ಬಾ

"ಅರ್ಧ ಭಾಮಿನಿ ಷಟ್ಪದಿ ಆಯ್ತು ನೋಡಿ. ಇನ್ನರ್ಧ ಮನೆಯಲ್ಲಿ ಬರೆದುಕೊಂಡು ಬನ್ನಿ" ಅಂದರು ಮೇಷ್ಟ್ರು. ಲೆಕ್ಕ ಬಂದಿದ್ದು ಇದಾದ ಮೇಲೆ. ಮಾತ್ರೆ ಅಂದ್ರೆ ಒಂದು ಹ್ರಸ್ವ ಅಕ್ಷರ ಹೇಳೋಕೆ ಹಿಡಿಯೋ ಹೊತ್ತು. ಮೊದಲೆರಡು ಸಾಲಿಗೆ 14 ಮಾತ್ರೆ. ಮೂರನೆಯದರಲ್ಲಿ ಮೂರು-ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಅಂದ್ರೆ ಎರಡು ಮಾತ್ರೆಯ ಅಕ್ಷರ, ಒಟ್ಟು 23. ಉಳಿದ ಮೂರು ಸಾಲೂ ಹೀಗೇ. ಮಳೆ, ಕಳೆ, ಬಳಿ ಅಂತ ಪ್ರತಿ ಸಾಲಿನ ಎರಡನೇ ಅಕ್ಷರ ಳಕಾರವೇ ಬಂದಿದೆಯಲ್ಲ, ಅದೇ ಆದಿಪ್ರಾಸ. "ಗದ್ದೆಯಲ್ಲಿ ಗ ಯಾಕೆ ಗುರು?" ಅಂತ ಮಗಳು ಕೇಳಿದಳು. "ಗದೆ ಅನ್ನು ಪುಟ್ಟಿ. ಈಗ ಗದ್ದೆ ಅನ್ನು. ನಾಲಿಗೆ ಎಲ್ಲಿ ನಿಲ್ಲುತ್ತೆ ನೋಡು" ಅಂದರು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅನ್ನೋ ನಿಯಮ ಅವಳಿಗೆ ಅಲ್ಲೇ ಸಿಕ್ಕಿತು, ಇನ್ನು ಮರೆಯೋದಿಲ್ಲ.

ಆರು ಬಗೆಯ ಷಟ್ಪದಿ, ಕಂದಪದ್ಯದ 12, 20, 12, 20 ಮಾತ್ರೆಯ ಲೆಕ್ಕ, ರಗಳೆ, ಸಾಂಗತ್ಯ, ತ್ರಿಪದಿ ಎಲ್ಲಾ ಮುಂದಿನ ಮೂರು ವಾರದಲ್ಲಿ ಮುಗಿದವು. ಕುಮಾರವ್ಯಾಸನ ಭಾಮಿನಿ, ಲಕ್ಷ್ಮೀಶನ ವಾರ್ಧಕ ಎರಡನ್ನೂ ಒಂದರ ಹಿಂದೊಂದು ಓದಿ ಕೇಳಿಸಿದ್ದರಿಂದ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು.

ಅಲಂಕಾರಕ್ಕೆ ಬಂದಾಗ ನಂಗೆ ಇನ್ನೂ ಖುಷಿ. ಮೇಷ್ಟ್ರು ಹಲಗೆ ಮೇಲೆ ಬರೆದದ್ದು ಒಂದೇ ವಾಕ್ಯ: ಅತ್ತೆಯ ಸಿಟ್ಟು ಆಗುಂಬೆಯ ಮಳೆಯ ಹಾಗೆ ಧೋ ಎಂದು ಸುರಿಯಿತು. ಸಿಟ್ಟು ಉಪಮೇಯ, ಮಳೆ ಉಪಮಾನ, 'ಹಾಗೆ' ವಾಚಕಪದ, ಧೋ ಎಂದು ಸುರಿಯುವುದು ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ. ಬಟ್ಟೆ ತಗೊಂಡು 'ಧೋ ಎಂದು ಸುರಿಯಿತು' ಒರೆಸಿ ಬರೀ 'ಇತ್ತು' ಅಂತ ಬರೆದರು, ಲುಪ್ತೋಪಮೆ ಆಯಿತು. 'ಹಾಗೆ'ಯನ್ನೂ ಒರೆಸಿ 'ಸಿಟ್ಟಿನ ಮಳೆ' ಮಾಡಿದರು, ರೂಪಕ. ಇಷ್ಟು ವರ್ಷ ನಾನು ಉತ್ಪ್ರೇಕ್ಷೆ ಅಂದ್ರೆ ಸುಮ್ನೆ ಜಾಸ್ತಿ ಮಾಡಿ ಹೇಳೋದು ಅಂದುಕೊಂಡಿದ್ದೆ. ದಿನಬಳಕೆಯಲ್ಲಿ ಹಾಗೇ ಹೇಳುತ್ತೇವೆ ಅಲ್ವಾ? ಅಲಂಕಾರದಲ್ಲಿ ಅದು ಒಂದನ್ನು ಇನ್ನೊಂದು ಇರಬಹುದೇನೋ ಅಂತ ಕಲ್ಪಿಸುವುದು: 'ಆಕಾಶವೇ ಹರಿದು ಬಿತ್ತೋ ಎಂಬಂತೆ ಮಳೆ ಸುರಿಯಿತು'. ಮಿತಿ ಮೀರಿ ಹೇಳೋದಕ್ಕೆ ಹೆಸರು ಅತಿಶಯೋಕ್ತಿ.

ಈಗ ಬೇಜಾರಿನ ವಿಷಯ. ರಸ, ಧ್ವನಿ ಎರಡನ್ನೂ ಕೊನೆಯ ಭಾನುವಾರ ಒಂದೇ ಉಸಿರಿನಲ್ಲಿ ಮುಗಿಸಿದರು. 'ಹೊತ್ತು ಮುಳುಗಿತು' ಅನ್ನೋ ಹಳೆಯ ಉದಾಹರಣೆ ಬಹಳ ಚೆನ್ನಾಗಿತ್ತು. ದನ ಕಾಯೋನಿಗೆ ಅದು ಕೊಟ್ಟಿಗೆಗೆ ಹೊಡಿ ಅಂತ, ಕೂಲಿಯವರಿಗೆ ಕೆಲಸ ಸಾಕು ಅಂತ, ಪ್ರೀತಿಸಿದವರಿಗೆ ಬರೋ ಹೊತ್ತಾಯ್ತು ಅಂತ ಕೇಳಿಸುತ್ತದೆ. ಒಂಬತ್ತನೇ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಕಾವ್ಯದ ಜೀವವೇ ಹೀಗೆ ಬಾಯಿಬಿಟ್ಟು ಹೇಳದೆ ಹೊಳೆಯೋ ಅರ್ಥ, ಅಂದ್ರೆ ಧ್ವನಿ, ಅಂದ. ಅಷ್ಟು ದೊಡ್ಡ ಮಾತಿಗೆ ನಲವತ್ತು ನಿಮಿಷ ಸಾಲೋದಿಲ್ಲ. ಹೊಸ ಕವಿತೆಯ ಪ್ರತಿಮೆ, ಸಂಕೇತ, ಮುಕ್ತಛಂದಸ್ಸು ಬರಲೇ ಇಲ್ಲ. ಕೇಳಿದ್ದಕ್ಕೆ "ಅದು ಬೇರೆ ಕ್ಲಾಸಮ್ಮಾ" ಅಂದರು. ನನಗೆ ಅದು ಒಪ್ಪಿಗೆಯಾಗಲಿಲ್ಲ, ಮಕ್ಕಳು ಇವತ್ತು ಓದುತ್ತಿರೋದು ಆ ಕವಿತೆಗಳನ್ನೇ. ಕೊಟ್ಟ ಜೆರಾಕ್ಸ್ ಹಾಳೆಗಳೂ ಮಸುಕು. ಗುರುವಿನ ಅಡ್ಡಗೀಟು ಕೆಲವು ಕಡೆ ಅಳಿಸಿಹೋಗಿದೆ, ಪ್ರಸ್ತಾರದ ಹಾಳೆಯಲ್ಲಿ ಅದೇ ಇಲ್ಲದಿದ್ದರೆ ಹೇಗೆ?

ಕ್ಲಾಸು ಮುಗಿದ ಮೇಲೆ ತುಂಗೆಯ ದಡದ ಹೊಸಹಳ್ಳಿಗೆ, ಕಾವ್ಯವನ್ನು ರಾಗವಾಗಿ ಓದೋ ಗಮಕ ಕೇಳೋಕೆ ಹೋಗಿದ್ದೆವು. 2022ರಲ್ಲಿ ಪದ್ಮಶ್ರೀ ಬಂದ ಗಮಕಿ ಎಚ್.ಆರ್. ಕೇಶವಮೂರ್ತಿಯವರ ಊರು ಅದು. ಗಮಕದಲ್ಲಿ ರಾಗ ಇರುತ್ತದೆ, ತಾಳ ಇರೋದಿಲ್ಲ. ಗಮಕಿಗಳು ಒಂದು ಪದವನ್ನು ಎಷ್ಟೋ ಹೊತ್ತು ಎಳೆದರು, ಇನ್ನೊಂದನ್ನು ಬಿಡಿಸಿ ಬಿಡಿಸಿ ಹೇಳಿದರು. ನಡುವೆ ಮಗಳ ಕೈ ನೋಡಿದೆ. ಮಂಡಿ ಮೇಲೆ ಬೆರಳು ಮೆತ್ತಗೆ ಆಡುತ್ತಿತ್ತು. ಮೂರು, ನಾಲ್ಕು, ಮೂರು, ನಾಲ್ಕು.

ಮುಂದಿನ ತಂಡ ದೀಪಾವಳಿ ಆದ ಮೇಲೆ. ಜಗುಲಿಯಲ್ಲಿ ಹನ್ನೆರಡು ಜನಕ್ಕೆ ಮಾತ್ರ ಜಾಗ. ವಿಳಾಸ ಎಲ್ಲರಿಗೂ ಕಾಣೋ ಹಾಗೆ ಹಾಕಬೇಡಿ ಅಂದಿದ್ದಾರೆ, ಬೇಕಾದವರು ನನಗೆ ಮೆಸೇಜ್ ಮಾಡಿ. ಬೀದಿ ಕಿರಿದು, ಕಾರ್ ತರಬೇಡಿ. ಪೆನ್ನಿನ ಬದಲು ಪೆನ್ಸಿಲ್ಲು, ರಬ್ಬರ್ ತಗೊಂಡು ಹೋಗಿ. ಹನ್ನೊಂದು ಗಂಟೆಗೆ ಮನೆಯವರು ಬಿಸಿ ಕಷಾಯ ಕೊಡುತ್ತಾರೆ.